ಅಪ್ಪೆಮಿಡಿ ಮರ ಹತ್ತಲು ಒಂಟಿ ಹಗ್ಗವೋ, ಜೋಡಿ ಹಗ್ಗವೋ?

ಬೆಟ್ಟದಂಚು (ಸಿದ್ದಾಪುರ, ಉತ್ತರ ಕನ್ನಡ):

ಎಲ್ಲರಿಗೂ ನಮಸ್ಕಾರ. ನಮ್ಮ ಸೊಪ್ಪಿನ ಬೆಟ್ಟದಲ್ಲಿಯೂ ಹೊಳೆಯ ದಂಡೆಯಲ್ಲಿಯೂ ಹಳೆಯ ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಮಾವಿನ ಮಿಡಿ) ಮರಗಳಿವೆ. ಮಿಡಿಗೆ ಬೇಡಿಕೆ ಇದೆ, ಬೆಲೆಯೂ ಇದೆ. 2009ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಇಲ್ಲದಿರುವುದು ಹತ್ತುವ ಜನ ಮಾತ್ರ. ಕೆಲವು ಮರಗಳಲ್ಲಿ ಮೊದಲ ಕೊಂಬೆಯೇ 30–40 ಅಡಿ ಮೇಲಿದೆ. ಬಿದಿರಿನ ಒಂಟಿ ಏಣಿ ಅಲ್ಲಿಯವರೆಗೆ ತಲುಪಿಸಬಲ್ಲದು. ಅದರಾಚೆಗೆ ಕೊಯ್ಯುವವರು ಬರಿಗೈಯಲ್ಲಿ, ಯಾವ ಆಧಾರವೂ ಇಲ್ಲದೆ ಕೊಂಬೆಯ ತುದಿಯವರೆಗೆ ಹೋಗುತ್ತಾರೆ.

ಅಪ್ಪೆಮಿಡಿಯನ್ನು ಬಡಿದು ಉದುರಿಸುವಂತಿಲ್ಲವೆಂಬುದು ತಿಳಿದ ವಿಷಯ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಲ್ಲಿ ಬಾಳುವುದಿಲ್ಲ. ತೊಟ್ಟು ಸಮೇತ ಕೊಯ್ದು, ಸೊನೆ ಸೋರದಂತೆ ಬುಟ್ಟಿಯಲ್ಲಿ ಇಳಿಸಬೇಕು. ಆದ್ದರಿಂದ ಮನುಷ್ಯ ಮಿಡಿಯ ಹತ್ತಿರವೇ ಹೋಗಬೇಕು, ಅಲ್ಲಿ ಎರಡೂ ಕೈ ಬಿಟ್ಟು ಕೆಲಸ ಮಾಡುವಂತಿರಬೇಕು. ಹಗ್ಗ, ಹಾರ್ನೆಸ್ (ಮೈಗೆ ಕಟ್ಟಿಕೊಳ್ಳುವ ಪಟ್ಟಿಗಳ ಜೋಡಣೆ) ಬಳಸಿ ಮರ ಹತ್ತುವ ಪದ್ಧತಿಯನ್ನು ನಮ್ಮ ಊರಿನ ಯುವಕರಿಗೆ ಕಲಿಸಬೇಕೆಂಬ ಯೋಚನೆ ಇದೆ. ಒಂಟಿ ಹಗ್ಗದಲ್ಲಿ ಜೂಮಾರ್ (ಮೇಲಕ್ಕೆ ಸರಿಯುವ, ಭಾರ ಬಿದ್ದಾಗ ಹಗ್ಗವನ್ನು ಕಚ್ಚುವ ಹಿಡಿಕೆ) ಹಾಕಿ ಹತ್ತುವುದು, ಕೊಂಬೆಯ ಮೇಲಿನಿಂದ ಹಗ್ಗ ಇಳಿಬಿಟ್ಟು ಎರಡೂ ಎಳೆಗಳಲ್ಲಿ ಹತ್ತುವುದು ಎಂದು ಎರಡು ಬಗೆ ಇರುವಂತೆ ಕಾಣುತ್ತದೆ. ಇಂತಹ ಕವಲು ಕವಲಾಗಿ ಹರಡಿದ ಮರಕ್ಕೆ ಯಾವುದು ಒಳ್ಳೆಯದು? ಯಾವ ಸಾಮಗ್ರಿ ಅನಿವಾರ್ಯ, ಯಾವುದನ್ನು ಬಿಡಬಹುದು? ಬಳಸಿ ಬಲ್ಲವರು ದಯವಿಟ್ಟು ತಿಳಿಸಿ.

ಕಲ್ಲುಬಂಡೆ (ಬೆಂಗಳೂರು):

ನಾನು ಮರ ಹತ್ತುವವನಲ್ಲ, ಬಂಡೆ ಹತ್ತುವವನು. ಆದರೆ ಒಂಟಿ ಹಗ್ಗದ ಪದ್ಧತಿ ಬಂದದ್ದು ಪರ್ವತಾರೋಹಿಗಳಿಂದ ಮತ್ತು ಗುಹೆಗಿಳಿಯುವವರಿಂದ, ಹಾಗಾಗಿ ಅದರ ಬಗ್ಗೆ ಹೇಳಬಲ್ಲೆ. ಮೇಲೆ ಕಟ್ಟಿದ ಹಗ್ಗ ಅಲುಗಾಡದೆ ನಿಂತಿರುತ್ತದೆ, ಮನುಷ್ಯ ಅದರ ಮೇಲೆ ಹುಳದಂತೆ ಏರುತ್ತಾನೆ. ಎದೆಯ ಬಳಿ ಒಂದು ಹಿಡಿಕೆ, ಕೈಯಲ್ಲಿ ಇನ್ನೊಂದು ಹಿಡಿಕೆ, ಕೈಹಿಡಿಕೆಯಿಂದ ಪಾದಕ್ಕೆ ಒಂದು ಕುಣಿಕೆ. ಕುಣಿಕೆಯಲ್ಲಿ ಎದ್ದು ನಿಂತಾಗ ಎದೆಯ ಹಿಡಿಕೆ ಮೇಲೆ ಸರಿಯುತ್ತದೆ. ಕುಳಿತಾಗ ಅದೇ ಭಾರ ಹೊರುತ್ತದೆ, ಆಗ ಕೈಯ ಹಿಡಿಕೆಯನ್ನು ಮೇಲಕ್ಕೆ ತಳ್ಳಬಹುದು. ಕಪ್ಪೆಯ ನೆಗೆತಕ್ಕೆ ಹೋಲುವುದರಿಂದ ಇದಕ್ಕೆ ಫ್ರಾಗ್ ಎಂಬ ಹೆಸರು. ಶ್ರಮವೆಲ್ಲ ಕಾಲಿನದು, ಆದ್ದರಿಂದ ತೋಳು ಬೇಗ ಸೋಲುವುದಿಲ್ಲ.

1931ರಲ್ಲಿ ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ ಪರಿಚಯಿಸಿದ ಗಂಟು ಇವುಗಳಿಗೆಲ್ಲ ಹಿರಿಯಣ್ಣ. ತೆಳು ದಾರವನ್ನು ದಪ್ಪ ಹಗ್ಗಕ್ಕೆ ಸುತ್ತಿದರೆ ಭಾರ ಬಿದ್ದಾಗ ಕಚ್ಚುತ್ತದೆ, ಭಾರ ತೆಗೆದಾಗ ಸರಿಯುತ್ತದೆ. ಜೂಮಾರ್ ಬಂದದ್ದು 1958ರಲ್ಲಿ. ಯೂಸಿ (Jüsi) ಮತ್ತು ಮಾರ್ಟಿ (Marti) ಎಂಬ ಇಬ್ಬರು ಸ್ವಿಸ್ ಗೆಳೆಯರ ಹೆಸರುಗಳ ಮೊದಲ ಅಕ್ಷರಗಳೇ ಸೇರಿ ಆ ಹೆಸರಾಗಿದೆ. ಅವರಲ್ಲಿ ಯೂಸಿ ಹದ್ದುಗಳ ಅಧ್ಯಯನಕ್ಕಾಗಿ ಹಗ್ಗ ಹತ್ತುತ್ತಿದ್ದವರು.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಜೂಮಾರಿನ ಒಳಗೆ ಮುಳ್ಳು ಮುಳ್ಳಾದ ಹಲ್ಲುಗಳಿವೆ. ಮೇಲೇರುವಾಗ ಅವು ಹಗ್ಗವನ್ನು ಚೆನ್ನಾಗಿ ಹಿಡಿಯುತ್ತವೆ, ಆದರೆ ಹಗ್ಗ ಸಡಿಲವಾಗಿದ್ದಾಗ ಮನುಷ್ಯ ಒಂದೆರಡು ಅಡಿ ಜಾರಿ ಥಟ್ಟನೆ ಅದರ ಮೇಲೆ ಬಿದ್ದರೆ ಹಗ್ಗದ ಹೊರಕವಚವನ್ನೇ ಹರಿದುಬಿಡಬಲ್ಲವು. ಆದ್ದರಿಂದ ಕೊಂಬೆಯ ಮೇಲೆ ನಡೆದಾಡುವಾಗ ಜೂಮಾರನ್ನೇ ಏಕೈಕ ಆಧಾರವಾಗಿ ಇಟ್ಟುಕೊಳ್ಳುವಂತಿಲ್ಲ. ಜೂಮಾರಿನಲ್ಲಿ ಇಳಿಯುವುದೂ ಕಷ್ಟ. ಮೇಲೆ ತಲುಪಿದ ಮೇಲೆ ಡಿಸೆಂಡರಿಗೆ (ಹಗ್ಗವನ್ನು ತಡೆತಡೆದು ಬಿಡುತ್ತ ಇಳಿಯುವ ಸಾಧನ) ಬದಲಾಯಿಸಿಕೊಳ್ಳಬೇಕು. ಆ ಬದಲಾವಣೆಯ ಕ್ಷಣದಲ್ಲಿಯೇ ಹೊಸಬರು ತಪ್ಪುವುದು. ಅದನ್ನು ನೆಲದಿಂದ ಎರಡಡಿ ಎತ್ತರದಲ್ಲಿ ಕಣ್ಣು ಮುಚ್ಚಿ ಮಾಡುವಷ್ಟು ಅಭ್ಯಾಸವಾದ ಮೇಲೆಯೇ ಮೇಲೆ ಕಳುಹಿಸಬೇಕು.

ಓಕ್ ನೆರಳು (ಇಂಗ್ಲೆಂಡ್):

ಮೂಲ ತೀರ್ಥಹಳ್ಳಿಯ ಕಡೆ, ಈಗ ಇಲ್ಲಿ ಮರಗಳ ಆರೈಕೆಯೇ ನನ್ನ ಉದ್ಯೋಗ. ಹಗ್ಗದ ಮೇಲೆ ಏರುವುದಕ್ಕೂ ಮರದೊಳಗೆ ಕೆಲಸ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಕಲ್ಲುಬಂಡೆಯವರ ಮಾತಿನ ಜೊತೆಗೆ ಸೇರಿಸಬೇಕು. ಬಂಡೆಯಲ್ಲಾಗಲಿ ಗುಹೆಯಲ್ಲಾಗಲಿ ಹತ್ತಿದವನು ಒಂದು ಕಡೆ ತಲುಪಿ ಹಗ್ಗ ಬಿಡುತ್ತಾನೆ. ಮಿಡಿ ಕೊಯ್ಯುವವನಿಗೆ ತಲುಪುವುದು ಕೆಲಸದ ಆರಂಭ ಮಾತ್ರ. ಆಮೇಲೆ ಅವನು ಗಂಟೆಗಟ್ಟಲೆ ಮೇಲೆ, ಕೆಳಗೆ, ಅಡ್ಡಕ್ಕೆ ಓಡಾಡುತ್ತಿರಬೇಕು. ಸಾಮಗ್ರಿಯನ್ನು ಆರಿಸಬೇಕಾದದ್ದು ಈ ಓಡಾಟವನ್ನು ನೋಡಿಯೇ ಹೊರತು ಏರುವ ವೇಗವನ್ನು ನೋಡಿ ಅಲ್ಲ.

ಮರದವರು ಬಹುಕಾಲದಿಂದ ಬಳಸಿಕೊಂಡು ಬಂದದ್ದು ಜೋಡಿ ಎಳೆಯ ಓಡುವ ಹಗ್ಗ. ಹಗ್ಗ ಎತ್ತರದ ಕವೆಯೊಂದರ ಮೇಲೆ ಹಾದು ಬರುತ್ತದೆ. ಒಂದು ತುದಿ ಹಾರ್ನೆಸ್ಸಿಗೆ, ಇನ್ನೊಂದು ಎಳೆಯ ಮೇಲೆ ಕಚ್ಚುವ ಗಂಟು. ನಾವು ಏರಿದಂತೆ ಹಗ್ಗವೂ ಕವೆಯ ಮೇಲೆ ಓಡುತ್ತದೆ. 70 ಕಿಲೋ ತೂಕದವನ ಭಾರ ಎರಡು ಎಳೆಗಳಲ್ಲಿ ಸುಮಾರು 35 ಕಿಲೋಗಳಂತೆ ಹಂಚಿಹೋಗುತ್ತದೆ, ಆದ್ದರಿಂದ ಗಂಟಿನ ಮೇಲೆ ಬೀಳುವ ಭಾರ ಕಡಿಮೆ, ಅದು ಸಲೀಸಾಗಿ ಸಡಿಲವೂ ಆಗುತ್ತದೆ. ಅದೇ ಗಂಟಿನಲ್ಲಿ ಏರಬಹುದು, ಇಳಿಯಬಹುದು, ಕೊಂಬೆಯ ಮೇಲೆ ನಡೆಯುವಾಗ ಅಂಗುಲ ಅಂಗುಲವಾಗಿ ಹಗ್ಗ ಬಿಡಬಹುದು, ಏನನ್ನೂ ಬದಲಾಯಿಸಬೇಕಾಗಿಲ್ಲ. ಬ್ಲೇಕ್ ಎಂಬ ಕಚ್ಚುವ ಗಂಟನ್ನು ಹಗ್ಗದ ತುದಿಯಿಂದಲೇ ಕಟ್ಟಬಹುದಾದ್ದರಿಂದ ಯಂತ್ರಗಳಾವುವೂ ಬೇಡ. ತೊಂದರೆ ಎರಡು. ಒಂದು ಮೀಟರ್ ಏರಲು ಎರಡು ಮೀಟರ್ ಹಗ್ಗ ಎಳೆಯಬೇಕು, ಹಾಗಾಗಿ 40 ಅಡಿ ನೇರ ಕಾಂಡವನ್ನು ಹೀಗೆ ಏರುವವನು ಮೇಲೆ ತಲುಪುವಷ್ಟರಲ್ಲಿ ಬೆವರಿನಲ್ಲಿ ಮಿಂದಿರುತ್ತಾನೆ. ಎರಡನೆಯದಾಗಿ, ಓಡುವ ಹಗ್ಗ ತೊಗಟೆಯನ್ನು ಉಜ್ಜುತ್ತದೆ, ತೊಗಟೆ ಹಗ್ಗವನ್ನು ಉಜ್ಜುತ್ತದೆ. ಮಾವಿನಂತಹ ಒರಟು ತೊಗಟೆಯ ಕವೆಯಲ್ಲಿ ಎಳೆತ ಇನ್ನೂ ಭಾರವಾಗುತ್ತದೆ. ಇದಕ್ಕೆ ಪರಿಹಾರವಾಗಿ ಚರ್ಮದ ಕೊಳವೆಯೊಳಗೆ ಹಗ್ಗ ಹಾಯಿಸುತ್ತೇವೆ, ಇಲ್ಲವೇ ಎರಡೂ ತುದಿಗೆ ಉಂಗುರಗಳಿರುವ ಪಟ್ಟಿಯೊಂದನ್ನು ಕವೆಗೆ ಹಾಕಿ ಹಗ್ಗವನ್ನು ಆ ಉಂಗುರಗಳ ಮೂಲಕ ಓಡಿಸುತ್ತೇವೆ.

ಒಂಟಿ ಹಗ್ಗದಲ್ಲಿ ಇದೇ ಗಂಟನ್ನು ಹಾಗೆಯೇ ಬಳಸಿದರೆ ಪೂರ್ತಿ ಭಾರ ಅದರ ಮೇಲೆ ಬಿದ್ದು ಬಿಗಿದುಕೊಳ್ಳುತ್ತದೆ, ಬಲವಂತವಾಗಿ ಜಾರಿಸಿದರೆ ಬಿಸಿಯಾಗಿ ಸುಡುತ್ತದೆ. ಸುಮಾರು 2010ರ ಹೊತ್ತಿಗೆ ರೋಪ್ ರೆಂಚ್ ಎಂಬ ಸಣ್ಣ ಸಾಧನ ಬಂದ ಮೇಲೆ ಈ ಅಡ್ಡಿ ನಿವಾರಣೆಯಾಯಿತು. ಅದು ಗಂಟಿನ ಮೇಲ್ಭಾಗದಲ್ಲಿ ಕುಳಿತು ಹಗ್ಗವನ್ನು ತುಸು ಬಾಗಿಸಿ ಘರ್ಷಣೆಯ ಪಾಲನ್ನು ತಾನು ಹೊತ್ತುಕೊಳ್ಳುತ್ತದೆ. ಆಮೇಲೆ ಒಂದು ಪಾದಕ್ಕೆ ಮತ್ತು ಇನ್ನೊಂದು ಮೊಣಕಾಲಿಗೆ ಹಿಡಿಕೆ ಕಟ್ಟಿಕೊಂಡರೆ ಮೆಟ್ಟಿಲು ಹತ್ತಿದಂತೆ ಹೆಜ್ಜೆ ಹಾಕಿ ಏರಬಹುದು. ಮೇಲೆ ಹೋದ ಮೇಲೆ ಆ ಹಿಡಿಕೆಗಳನ್ನು ಕಳಚಿ ಅದೇ ಗಂಟು ಮತ್ತು ರೆಂಚಿನಲ್ಲಿ ಓಡಾಡಬಹುದು. ನನ್ನ ಅಭಿಪ್ರಾಯ ಕೇಳಿದರೆ, ಕಲಿಯುವವರು ಮೊದಲು ಜೋಡಿ ಎಳೆಯಲ್ಲಿ ಗಂಟಿನ ನಡತೆಯನ್ನು ಕೈಯಲ್ಲಿ ಅರಿಯಬೇಕು, ಆಮೇಲೆ ಒಂಟಿ ಹಗ್ಗಕ್ಕೆ ಬರಬೇಕು. ತಿರುಗುಮುರುಗಾಗಿ ಕಲಿತವರು ಯಂತ್ರವನ್ನು ನಂಬುತ್ತಾರೆ, ಅದು ಏನು ಮಾಡುತ್ತಿದೆ ಎಂಬುದನ್ನು ಗಮನಿಸುವುದಿಲ್ಲ.

ಯಾವ ಪದ್ಧತಿಯಾದರೂ ಸೊಂಟಕ್ಕೆ ಎರಡನೆಯ ಚಿಕ್ಕ ಹಗ್ಗವೊಂದು ಬೇಕೇ ಬೇಕು. ಕೆಲಸದ ಜಾಗ ತಲುಪಿದ ಕೂಡಲೇ ಅದನ್ನು ಕೊಂಬೆಗೆ ಬಳಸಿ ಕಟ್ಟಿಕೊಂಡರೆ ಮನುಷ್ಯ ಸ್ಥಿರನಾಗುತ್ತಾನೆ, ಎರಡೂ ಕೈ ಬಿಡುವಾಗುತ್ತವೆ. ಕತ್ತಿ ಅಥವಾ ಗರಗಸ ಕೈಗೆತ್ತಿಕೊಂಡಾಗಲಂತೂ ಎರಡು ಆಧಾರ ಇರಲೇಬೇಕು. ಇಲ್ಲಿನ 2005ರ ಎತ್ತರದ ಕೆಲಸದ ನಿಯಮಗಳು ಹಗ್ಗದ ಕೆಲಸಕ್ಕೆ ಬೇರೆ ಬೇರೆ ಕಡೆ ಕಟ್ಟಿದ ಎರಡು ಹಗ್ಗಗಳನ್ನೇ ಕೇಳುತ್ತವೆ. ಮರದವರಲ್ಲಿ ಅದರ ಬಗ್ಗೆ ಬಹಳ ವಾದವಾಗಿದೆ, ಇನ್ನೂ ಮುಗಿದಿಲ್ಲ.

ಹಸಿರು ಚಪ್ಪರ (ಆಗುಂಬೆ):

ಕಾಡಿನ ಮರಗಳ ತುದಿಯಲ್ಲಿ ಹೂವು ಮತ್ತು ಕೀಟಗಳನ್ನು ಗಮನಿಸುವ ಕೆಲಸದಲ್ಲಿ ನಾನು ಹಗ್ಗ ಬಳಸುತ್ತೇನೆ. ನಮ್ಮ ಕ್ಷೇತ್ರದಲ್ಲಿ ಒಂಟಿ ಹಗ್ಗವೇ ರೂಢಿ. 1970ರ ದಶಕದಲ್ಲಿ ಕೋಸ್ಟರಿಕಾದ ಮಳೆಕಾಡಿನಲ್ಲಿ ಡೊನಾಲ್ಡ್ ಪೆರ‍್ರಿ ಹಗ್ಗದ ಮೇಲೆ ಏರಿ ಅಧ್ಯಯನ ನಡೆಸಿದರು. ನಮ್ಮ ಪಶ್ಚಿಮಘಟ್ಟದಲ್ಲಿ ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆಯ ಸೌಭದ್ರಾ ದೇವಿ ಮತ್ತು ಟಿ. ಗಣೇಶ್ ಅವರು ತಮಿಳುನಾಡಿನ ಕಳಕ್ಕಾಡ್–ಮುಂಡಂತುರೈ ಹುಲಿ ಅಭಯಾರಣ್ಯದ ಕಾಕಾಚಿಯಲ್ಲಿ ಮರದ ನೆತ್ತಿಯ ಅಧ್ಯಯನಕ್ಕೆ ದಾರಿ ಮಾಡಿದವರು.

ಒಂಟಿ ಹಗ್ಗವನ್ನು ಎಲ್ಲಿ ಕಟ್ಟುತ್ತೀರಿ ಎಂಬುದು ಇಲ್ಲಿ ಇನ್ನೂ ಚರ್ಚೆಗೆ ಬಂದಿಲ್ಲ. ನನ್ನ ಮಟ್ಟಿಗೆ ಜೂಮಾರು ಯಾವುದು, ಗಂಟು ಯಾವುದು ಎಂಬುದಕ್ಕಿಂತ ಅದೇ ದೊಡ್ಡ ಪ್ರಶ್ನೆ. ಒಂದು ಕ್ರಮದಲ್ಲಿ ಹಗ್ಗವನ್ನು ಕವೆಯ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನು ಮರದ ಬುಡಕ್ಕೆ ಕಟ್ಟುತ್ತೇವೆ. ಇನ್ನೊಂದು ಕ್ರಮದಲ್ಲಿ ಹಗ್ಗದಲ್ಲಿ ಕುಣಿಕೆ ಮಾಡಿ ನೆಲದಿಂದಲೇ ಎಳೆದು ಕೊಂಬೆಗೇ ಬಿಗಿಯುತ್ತೇವೆ. ಬುಡಕ್ಕೆ ಕಟ್ಟಿದರೆ ಏರುವವನ ಭಾರ ಒಂದು ಎಳೆಯಲ್ಲಿ, ಅದನ್ನು ಹಿಡಿದಿಡುವ ಸೆಳೆತ ಇನ್ನೊಂದು ಎಳೆಯಲ್ಲಿ. ಎರಡೂ ಸೇರಿ 70 ಕಿಲೋ ಮನುಷ್ಯ ಕವೆಯ ಮೇಲೆ ಹೆಚ್ಚುಕಡಿಮೆ 140 ಕಿಲೋ ಆಗುತ್ತಾನೆ. ತೊಗಟೆಯ ಘರ್ಷಣೆ ಅದನ್ನು ಸ್ವಲ್ಪ ತಗ್ಗಿಸಬಹುದು, ಏರುವಾಗಿನ ಕುಲುಕಾಟ ಮತ್ತೆ ಏರಿಸುತ್ತದೆ. ಕೊಂಬೆಗೇ ಬಿಗಿದರೆ ಅವನ ತೂಕವಷ್ಟೇ ಬೀಳುತ್ತದೆ.

ಇಷ್ಟಾದರೂ ಕವೆ ಗಟ್ಟಿಯಿದ್ದಲ್ಲಿ ನಾನು ಬುಡಕ್ಕೆ ಕಟ್ಟುವುದನ್ನೇ ಮೆಚ್ಚುತ್ತೇನೆ, ಅದಕ್ಕೆ ಕಾರಣ ಕಡಜ ಮತ್ತು ಹೆಜ್ಜೇನು. ಬುಡದಲ್ಲಿ ಹಗ್ಗವನ್ನು ಗಂಟು ಹಾಕುವ ಬದಲು ಡಿಸೆಂಡರಿನ ಮೂಲಕ ಹಾಯಿಸಿ ಬೀಗ ಹಾಕಿದ್ದರೆ, ಮೇಲಿದ್ದವನಿಗೆ ಹುಳ ಕಚ್ಚಿದರೂ, ತಲೆ ತಿರುಗಿದರೂ, ಕೆಳಗಿರುವವನು ಮರ ಹತ್ತದೆಯೇ ಅವನನ್ನು ಇಳಿಸಬಹುದು. ಹಾರ್ನೆಸ್ಸಿನಲ್ಲಿ ಪ್ರಜ್ಞೆಯಿಲ್ಲದೆ ನೇತಾಡುವವನ ರಕ್ತ ಕಾಲಿನಲ್ಲಿ ಕಟ್ಟಿಕೊಳ್ಳುತ್ತದೆ; ಅಂತಹವನನ್ನು ನಿಮಿಷಗಳಲ್ಲಿ ನೆಲಕ್ಕೆ ತರಬೇಕು, ಪೇಟೆಯಿಂದ ಯಾರೋ ಬರುವವರೆಗೆ ಕಾಯಲಾಗದು. ಇದಕ್ಕೆ ಹಗ್ಗ ಹೆಚ್ಚು ಉದ್ದ ಬೇಕು: ಮೇಲೇರಲು ಒಂದು ಪಾಲು, ಇಳಿದು ಬರಲು ಒಂದು ಪಾಲು, ಬುಡದಿಂದ ಬಿಡಲು ಇನ್ನೊಂದು ಪಾಲು. ಕವೆ 20 ಮೀಟರ್ ಎತ್ತರದಲ್ಲಿದ್ದರೆ 60 ಮೀಟರಿಗಿಂತ ಕಡಿಮೆ ಹಗ್ಗ ಸಾಲದು. ಆದರೆ ಮೇಲಿರುವವನು ಚಿಕ್ಕ ಹಗ್ಗದಿಂದ ಕೊಂಬೆಗೆ ಕಟ್ಟಿಕೊಂಡಿದ್ದರೆ, ಅಥವಾ ಹಗ್ಗ ಹತ್ತಾರು ಕೊಂಬೆಗಳ ನಡುವೆ ಸುತ್ತಿಕೊಂಡಿದ್ದರೆ ಕೆಳಗಿನಿಂದ ಇಳಿಸಲಾಗುವುದಿಲ್ಲ. ಹಾಗಾಗಿ ಮೇಲೆ ಹತ್ತಬಲ್ಲ ಎರಡನೆಯವನೊಬ್ಬ ಸಾಮಗ್ರಿ ಸಹಿತ ಸ್ಥಳದಲ್ಲಿರುವುದು ಒಳ್ಳೆಯದು. ಬುಡದ ಕಟ್ಟಿನ ಹತ್ತಿರ ದನ ಬಾರದಂತೆ, ಕತ್ತಿ ಹಿಡಿದವರು ಸುಳಿಯದಂತೆಯೂ ನೋಡಿಕೊಳ್ಳಬೇಕು, ಏಕೆಂದರೆ ಅಲ್ಲಿರುವುದು ಮೇಲಿದ್ದವನ ಜೀವ.

ಕವೆಯನ್ನು ಆರಿಸುವಾಗ ದುರ್ಬೀನು ಉಪಯೋಗಕ್ಕೆ ಬರುತ್ತದೆ. ಮಾವಿನ ಮರದಲ್ಲಿ ಬಂದಳಿಕೆ ಬೆಳೆದ ಕೊಂಬೆಯನ್ನು ಯಾವ ಕಾರಣಕ್ಕೂ ನೆಚ್ಚಬಾರದು. ಬಂದಳಿಕೆಯ ಹಸಿರೆಲೆಯನ್ನು ಕೊಂಬೆಯದೇ ಎಲೆಯೆಂದು ತಿಳಿದರೆ ಒಣಗಿದ ಕೊಂಬೆಗೆ ಹಗ್ಗ ಹಾಕಿದಂತಾಗುತ್ತದೆ. ಕಾಂಡಕ್ಕೆ ಹತ್ತಿರವಿರುವ, ತೋಳಿಗಿಂತ ದಪ್ಪನೆಯ, ಜೀವಂತ ಕವೆ ಬೇಕು. ಹಗ್ಗ ಹಾಕಿದ ಮೇಲೆ ಇಬ್ಬರು ಒಟ್ಟಿಗೆ ನೇತಾಡಿ, ಜಗ್ಗಿ ನೋಡಿ, ಆಮೇಲೆ ಒಬ್ಬರು ಏರಬೇಕು.

ತೋಟಿಗ (ಸಾಗರ):

ಚರ್ಚೆ ಚೆನ್ನಾಗಿದೆ, ಆದರೆ ನನ್ನದೊಂದು ತಕರಾರು. ನಮ್ಮ ಕೊನೆಗೌಡರು (ಅಡಿಕೆ ಗೊನೆ ಕೊಯ್ಯುವವರು) ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿಕೊಂಡು ಅಡಿಕೆ ಮರ ಏರಿ, ಕೆಳಗಿಳಿಯದೆ ಮರದಿಂದ ಮರಕ್ಕೆ ದಾಟಿ, ಕೊನೆಯನ್ನು ಹಗ್ಗದ ಮೇಲೆ ಜಾರಿಸಿ ಇಳಿಸುತ್ತಾರೆ. ಆ ವೇಗದ ಮುಂದೆ ಈ ಗಂಟು, ರೆಂಚು, ಡಿಸೆಂಡರುಗಳೆಲ್ಲ ಬಹಳ ನಿಧಾನವಲ್ಲವೇ? ಎಲ್ಲವನ್ನೂ ಹೊರಗಿನಿಂದ ತರಿಸಿದರೆ ಒಂದು ಹಂಗಾಮಿನ ಮಿಡಿಯ ಹಣ ಅದಕ್ಕೇ ಹೋಗುತ್ತದೆ. ಪೇಟೆಯಲ್ಲಿ ಕಟ್ಟಡ ಕೆಲಸದವರ ಬೆಲ್ಟು ಸಿಗುತ್ತದೆ, ನೈಲಾನ್ ಹಗ್ಗವೂ ಸಿಗುತ್ತದೆ. ಅದರಲ್ಲಿಯೇ ಏಕೆ ಮಾಡಬಾರದು? ಅಡಿಕೆ ಮರಕ್ಕೂ ಈ ಪದ್ಧತಿ ಹೊಂದುತ್ತದೆಯೇ ಎಂಬುದನ್ನೂ ತಿಳಿಸಿ.

ಓಕ್ ನೆರಳು (ಇಂಗ್ಲೆಂಡ್):

ತೋಟಿಗರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅಡಿಕೆ ಮರಕ್ಕೆ ಇದು ಹೊಂದುವುದಿಲ್ಲ. ಹಗ್ಗ ಹಾಕಲು ಕವೆಯೇ ಇಲ್ಲದ ಸಪೂರ ಮರವದು. ತಳೆಯೇ ಸರಿ, ಇಲ್ಲವೇ ನೆಲದಲ್ಲಿ ನಿಂತು ದೋಟಿ ಬಳಸುವುದು. ಕೊನೆಗೌಡರ ಕೌಶಲಕ್ಕೆ ಹಗ್ಗ ಪರ್ಯಾಯವಲ್ಲ, ಅವರ ಕೌಶಲಕ್ಕೆ ನಿಲುಕದ ಹರಡಿದ ಮರಗಳಿಗಷ್ಟೇ ಇದು.

ಹಗ್ಗದ ವಿಷಯದಲ್ಲಿ ಮಾತ್ರ ನಿಮ್ಮ ಸಲಹೆಯನ್ನು ಒಪ್ಪಲಾರೆ. ಅಂಗಡಿಯಲ್ಲಿ ನೈಲಾನ್ ಎಂದು ಕೊಡುವ ಹಳದಿ ಅಥವಾ ನೀಲಿ ಹಗ್ಗ ಬಹುತೇಕ ಪಾಲಿಪ್ರೊಪಿಲೀನ್. ಅದು ಬಿಸಿಲಿಗೆ ಪುಡಿಯಾಗುತ್ತದೆ, ಸುಮಾರು 165 ಡಿಗ್ರಿಗೆ ಕರಗುತ್ತದೆ. ಗಂಟು ವೇಗವಾಗಿ ಜಾರಿದರೆ ಆ ಶಾಖ ಹುಟ್ಟುವುದು ಕಷ್ಟವೇನಲ್ಲ. ಮನುಷ್ಯನನ್ನು ಹೊರುವ ಹಗ್ಗಕ್ಕೆ ಒಳಗೆ ತಿರುಳು, ಹೊರಗೆ ಹೆಣೆದ ಕವಚ ಇರಬೇಕು, ಹಿಗ್ಗು ಕಡಿಮೆಯಿರಬೇಕು. ಇಎನ್ 1891 ಟೈಪ್ ಎ ಎಂಬ ಯುರೋಪಿನ ಮಾನಕದ ಮುದ್ರೆಯಿದ್ದರೆ ಅದು ಕನಿಷ್ಠ 22 ಕಿಲೋನ್ಯೂಟನ್, ಅಂದರೆ ಸುಮಾರು 2,200 ಕಿಲೋ ಸೆಳೆತಕ್ಕೆ ತಡೆದದ್ದು ಎಂದರ್ಥ. ಗಂಟು ಹಾಕಿದಲ್ಲಿ ಬಲ ಮೂರನೇ ಒಂದು ಪಾಲಿನಷ್ಟು ಕುಗ್ಗುತ್ತದೆ, ಅದಕ್ಕೇ ಇಷ್ಟು ಹೆಚ್ಚುವರಿ ಬಲ. ದಪ್ಪ 11ರಿಂದ 13 ಮಿಲಿಮೀಟರ್ ಇದ್ದರೆ ಕೈಗೂ ಹಿಡಿತ ಸಿಗುತ್ತದೆ.

ಕಟ್ಟಡದವರ ಬೆಲ್ಟಿನ ಕಥೆಯೇ ಬೇರೆ. ಭಾರತೀಯ ಮಾನಕ ಐಎಸ್ 3521ರ ಮುದ್ರೆಯ ಪೂರ್ಣ ಹಾರ್ನೆಸ್ ಕಳಪೆಯಲ್ಲ, ಆದರೆ ಅದು ಬಿದ್ದವನನ್ನು ಬೆನ್ನಿನ ಉಂಗುರದಿಂದ ಹಿಡಿಯಲು ಮಾಡಿದ್ದು. ಅದರಲ್ಲಿ ಕುಳಿತು ಕೆಲಸ ಮಾಡಲಾಗದು, ಮುಂದಿನಿಂದ ಹಗ್ಗಕ್ಕೆ ಸಿಕ್ಕಿಸಿಕೊಳ್ಳಲು ಎಷ್ಟೋ ಮಾದರಿಗಳಲ್ಲಿ ಜಾಗವೇ ಇಲ್ಲ. ಮರಕ್ಕೆ ಬೇಕಾದದ್ದು ಸೊಂಟ ಮತ್ತು ತೊಡೆಗೆ ಅಗಲ ಪಟ್ಟಿಯಿರುವ, ಹೊಕ್ಕುಳಿನ ಎದುರು ಕೊಂಡಿಯಿರುವ ಕೂರುವ ಹಾರ್ನೆಸ್. ಬರೀ ಸೊಂಟದ ಬೆಲ್ಟಿಗೆ ಹಗ್ಗ ಕಟ್ಟಿ ಹತ್ತುವುದು ಏನೂ ಕಟ್ಟಿಕೊಳ್ಳದೆ ಹತ್ತುವುದಕ್ಕಿಂತ ಹೆಚ್ಚು ಸುರಕ್ಷಿತವೆಂದು ನನಗೆ ಅನ್ನಿಸುವುದಿಲ್ಲ.

ಖರ್ಚು ಉಳಿಸುವುದಿದ್ದರೆ ಯಂತ್ರಗಳಲ್ಲಿ ಉಳಿಸಿ. ಒಳ್ಳೆಯ ಹಗ್ಗ, ಹಾರ್ನೆಸ್, ಶಾಖ ತಡೆಯುವ ಗಂಟಿನ ದಾರ, ಸೊಂಟದ ಚಿಕ್ಕ ಹಗ್ಗ, ತಾನೇ ಬೀಗ ಬೀಳುವ ಕೆಲವು ಕ್ಯಾರಬೈನರು (ಲೋಹದ ಕೊಂಡಿ), ಗಲ್ಲಪಟ್ಟಿಯ ಹೆಲ್ಮೆಟ್, ಇಷ್ಟರಲ್ಲಿ ಜೋಡಿ ಎಳೆಯ ಕೆಲಸ ನಡೆಯುತ್ತದೆ. ತಿರುಪು ಹಾಕುವ ಕ್ಯಾರಬೈನರು ಕೊಂಬೆಗೆ ಉಜ್ಜಿ ತಾನಾಗಿ ಬಿಚ್ಚಿಕೊಳ್ಳಬಹುದು, ಆದ್ದರಿಂದ ಮರದಲ್ಲಿ ಅದು ಬೇಡ. ಏರುವ ಶ್ರಮ ತಗ್ಗಿಸಲು ಪಾದದ ಹಿಡಿಕೆಯೊಂದನ್ನು ಮೊದಲು ಕೊಳ್ಳಿ, ಉಳಿದದ್ದು ಆಮೇಲೆ.

ಬೆಟ್ಟದಂಚು (ಸಿದ್ದಾಪುರ, ಉತ್ತರ ಕನ್ನಡ):

ಎಲ್ಲರಿಗೂ ಕೃತಜ್ಞತೆಗಳು. ನೇರ ಕಾಂಡ ಎತ್ತರವಿರುವ ಮರಗಳಿಗೆ ಬುಡಕ್ಕೆ ಕಟ್ಟಿದ ಒಂಟಿ ಹಗ್ಗ, ಗಿಡ್ಡ ಕಾಂಡದ ಹರಡಿದ ಮರಗಳಿಗೆ ಜೋಡಿ ಎಳೆ ಎಂದು ಅರ್ಥಮಾಡಿಕೊಂಡಿದ್ದೇನೆ. ಇನ್ನು ಎರಡು ಸಂದೇಹಗಳಿವೆ. ಮಿಡಿ ಹೆಚ್ಚಾಗಿ ಕೊಂಬೆಯ ತುದಿಯಲ್ಲಿರುತ್ತದೆ. ಅಲ್ಲಿಗೆ ಹೋಗುವುದು ಹೇಗೆ? ಉಪ್ಪಾಗೆ (ಕಾಡಿನ ಹುಳಿಹಣ್ಣಿನ ಮರ) ಕೊಯ್ಲು ಮಳೆಗಾಲದಲ್ಲಿ ಬರುತ್ತದೆ, ಆಗ ತುದಿ ಸಿಗದೆಂದು ಕೊಂಬೆಯನ್ನೇ ಕಡಿದು ಹಾಕುವವರಿದ್ದಾರೆ. ಪಾಚಿಗಟ್ಟಿದ ಮರದಲ್ಲಿ ಹಗ್ಗದಿಂದ ಅದನ್ನು ತಪ್ಪಿಸಬಹುದೇ?

ಓಕ್ ನೆರಳು (ಇಂಗ್ಲೆಂಡ್):

ಕೊಂಬೆಯ ಮೇಲೆ ನಡೆಯುವುದರ ಗುಟ್ಟು ಹಗ್ಗದ ಕೋನದಲ್ಲಿದೆ. ಹಗ್ಗ ನಿಮ್ಮ ತಲೆಗಿಂತ ಬಹಳ ಎತ್ತರದಿಂದ ಬರುತ್ತಿದ್ದರೆ ಅದು ನಿಮ್ಮನ್ನು ಎತ್ತಿ ಹಿಡಿಯುತ್ತದೆ, ಕೊಂಬೆಯ ಮೇಲೆ ಬೀಳುವ ಭಾರ ಕಡಿಮೆಯಾಗುತ್ತದೆ. ಆಗ ತುದಿಯತ್ತ ಬೆನ್ನು ಹಾಕಿ, ಹಗ್ಗದ ಮೇಲೆ ಹಿಂದಕ್ಕೆ ವಾಲಿ, ಸ್ವಲ್ಪ ಸ್ವಲ್ಪವೇ ಹಗ್ಗ ಬಿಡುತ್ತ ಹಿಮ್ಮುಖವಾಗಿ ಸಾಗಬೇಕು. ಆಧಾರ ತಗ್ಗಿನಲ್ಲಿದ್ದರೆ ಹಗ್ಗ ಅಡ್ಡಡ್ಡಲಾಗುತ್ತದೆ, ಕಾಲು ಜಾರಿದಾಗ ಗಡಿಯಾರದ ಲೋಲಕದಂತೆ ತೂಗಿ ಕಾಂಡಕ್ಕೆ ಬಡಿಯಬೇಕಾಗುತ್ತದೆ. ಆದ್ದರಿಂದ ಮೊದಲು ಸಿಕ್ಕ ಕವೆಯಿಂದ ಏರಿದ ಮೇಲೆ, ಇನ್ನೂ ಮೇಲಿನ ನಡುಗವೆಗೆ ಹಗ್ಗ ಬದಲಾಯಿಸಿಕೊಂಡು ಆಮೇಲೆ ತುದಿಗಳಿಗೆ ಹೋಗುವುದು ಕ್ರಮ. ಬದಲಾಯಿಸುವಾಗ ಚಿಕ್ಕ ಹಗ್ಗ ಕಟ್ಟಿಕೊಂಡಿರಬೇಕು. ಕೊನೆಯ ಒಂದೆರಡು ಮೀಟರಿಗೆ ಕೈಯಲ್ಲೊಂದು ಕೊಕ್ಕೆಯಿದ್ದರೆ ಸಾಕು, ರೆಂಬೆಯನ್ನು ಬಾಗಿಸಿ ಹತ್ತಿರ ತಂದುಕೊಳ್ಳಬಹುದು.

ಹಸಿರು ಚಪ್ಪರ (ಆಗುಂಬೆ):

ಉಪ್ಪಾಗೆಯ ಬಗ್ಗೆ ನನ್ನ ಮಾತು. ಹಗ್ಗದ ಮೇಲೆ ಏರುವವನಿಗೆ ಪಾಚಿ ಅಷ್ಟು ಬಾಧಿಸುವುದಿಲ್ಲ, ಕೊಂಬೆಯ ಮೇಲೆ ನಡೆಯುವವನಿಗೆ ಬಹಳ ಬಾಧಿಸುತ್ತದೆ. ನೈಲಾನ್ ಒದ್ದೆಯಾದಾಗ ಬಲ ಸ್ವಲ್ಪ ಕುಗ್ಗುತ್ತದೆ, ಅದಕ್ಕಿಂತ ಮುಖ್ಯವಾಗಿ ಗಂಟಿನ ಹಿಡಿತ ಬದಲಾಗುತ್ತದೆ. ಒಣ ಹಗ್ಗದಲ್ಲಿ ಹದವಾಗಿದ್ದ ಗಂಟು ಒದ್ದೆಯಲ್ಲಿ ಬಿಗಿದುಕೊಳ್ಳಬಹುದು, ಹೊಸ ನುಣುಪು ಹಗ್ಗದಲ್ಲಿ ಜಾರಲೂಬಹುದು. ಪ್ರತಿ ಸಲ ನೆಲದ ಬಳಿಯೇ ಭಾರ ಹಾಕಿ ನೋಡಿ, ಅಗತ್ಯವಿದ್ದರೆ ಒಂದು ಸುತ್ತು ಹೆಚ್ಚು ಅಥವಾ ಕಡಿಮೆ ಮಾಡಬೇಕು. ಗಾಳಿ, ಗುಡುಗು ಇರುವ ದಿನ ಕೊಯ್ಲನ್ನೇ ಬಿಡಬೇಕು. ಕೊಂಬೆ ಕಡಿಯುವುದನ್ನು ತಪ್ಪಿಸಬಹುದೇ ಎಂದರೆ, ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಖಂಡಿತ ಸಾಧ್ಯ. ಕಾಲಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು ಹತ್ತುವ ಸಾಧನವೊಂದು ಮಾರುಕಟ್ಟೆಯಲ್ಲಿದೆ. ಅದನ್ನು ಯಾರಾದರೂ ಸೂಚಿಸಿದರೆ ದಯವಿಟ್ಟು ಒಪ್ಪಬೇಡಿ. ಅದು ತೊಗಟೆಯೊಳಗಿನ ಜೀವಪದರವನ್ನು ಚುಚ್ಚುತ್ತದೆ, ಪ್ರತಿ ಗಾಯವೂ ಶಿಲೀಂಧ್ರಕ್ಕೆ ಬಾಗಿಲು. ಕಡಿದು ಹಾಕಲಿರುವ ಮರಕ್ಕೆ ಮಾತ್ರ ಅದು.

ಕಲ್ಲುಬಂಡೆ (ಬೆಂಗಳೂರು):

ಮೊದಲ ಹಗ್ಗವನ್ನು ಮೇಲೆ ಕಳುಹಿಸುವ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸೇರಿಸುತ್ತೇನೆ. ಸುಮಾರು 2 ಮಿಲಿಮೀಟರಿನ ನುಣುಪು ದಾರಕ್ಕೆ 250–400 ಗ್ರಾಂ ತೂಕದ ಉದ್ದನೆಯ ಚೀಲ ಕಟ್ಟಿ ಎಸೆಯುತ್ತಾರೆ. ಎತ್ತರ ಹೆಚ್ಚಿದ್ದರೆ ಕೋಲಿಗೆ ಸಿಕ್ಕಿಸಿದ ದೊಡ್ಡ ಚಾಟಿಬಿಲ್ಲು. ಮರಳು ತುಂಬಿ ಬಿಗಿಯಾಗಿ ಹೊಲಿದ ಚೀಲ ಮನೆಯಲ್ಲಿಯೇ ಆಗುತ್ತದೆ. ಕಲ್ಲು ಕಟ್ಟಿ ಎಸೆಯುವುದು ಬೇಡ, ಅದು ಕವೆಯಲ್ಲಿ ಸಿಕ್ಕಿಕೊಂಡು ಎಳೆದಾಗ ನೇರ ಮುಖಕ್ಕೇ ಬರುತ್ತದೆ. ದಾರ ಬೇಕಾದ ಕವೆಗೆ ಬಿದ್ದ ಮೇಲೆ ಅದರ ತುದಿಗೆ ಹಗ್ಗ ಕಟ್ಟಿ ಎಳೆದುಕೊಳ್ಳಬೇಕು. ಬೇರೆ ಕೊಂಬೆಗಳ ಮೇಲೂ ಬಿದ್ದಿದ್ದರೆ, ಚೀಲವನ್ನು ಮೇಲೆ ಕೆಳಗೆ ಆಡಿಸಿ ಒಂದೊಂದೇ ಕೊಂಬೆಯಿಂದ ಬಿಡಿಸಿಕೊಳ್ಳುವ ತಾಳ್ಮೆ ಬೇಕು.

ಮಿಡಿಯ ಸೊನೆ ತಾಗಿದ ಹಗ್ಗದಲ್ಲಿ ಗಂಟು ಅಂಟಿಕೊಳ್ಳುತ್ತದೆ. ಉಗುರುಬೆಚ್ಚನೆಯ ನೀರು ಮತ್ತು ಸೌಮ್ಯವಾದ ಸಾಬೂನಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಸೀಮೆಎಣ್ಣೆ, ಬ್ಲೀಚಿಂಗ್ ಪುಡಿ ಬಳಸಬೇಡಿ. ಬ್ಯಾಟರಿ ಅಥವಾ ಮೈಲುತುತ್ತದ ಡಬ್ಬಿ ಇರುವ ಕೊಟ್ಟಿಗೆಯಲ್ಲಿ ಹಗ್ಗ ಇಡುವುದೂ ಬೇಡ. ಪ್ರತಿ ಹತ್ತಾಟಕ್ಕೂ ಮುನ್ನ ಹಗ್ಗವನ್ನು ಉದ್ದಕ್ಕೂ ಬೆರಳುಗಳ ನಡುವೆ ಎಳೆದು ನೋಡಿ. ಎಲ್ಲಾದರೂ ಒಳಗಿನ ತಿರುಳು ಟೊಳ್ಳಾದಂತೆ, ಗಂಟಾದಂತೆ, ಅಥವಾ ಹೊರಕವಚ ಸುಟ್ಟು ಗಾಜಿನಂತೆ ಗಟ್ಟಿಯಾದಂತೆ ತಾಗಿದರೆ ಅಲ್ಲಿಗೆ ಕತ್ತರಿಸಿ, ಉಳಿದ ತುಂಡನ್ನು ಬುಟ್ಟಿ ಇಳಿಸಲು ಇಟ್ಟುಕೊಳ್ಳಿ.